ಹೋಲಿಸಬಾರದ ಮನೆಯಲ್ಲಿ ಸ್ಪ್ಯಾನಿಶ್

ನನ್ನ ಅತ್ತೆಯ ಮನೆಯಲ್ಲಿ ಯಾರನ್ನೂ ಯಾರಿಗೂ ಹೋಲಿಸುವಂತಿರಲಿಲ್ಲ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಯಾರು ಉದ್ದ ಎಂದು ನೋಡುವಂತಿಲ್ಲ. ಕೊಟ್ಟಿಗೆಯಲ್ಲಿ ಎರಡು ಕರುಗಳಿದ್ದರೆ ಅದಕ್ಕಿಂತ ಇದು ಮೈತುಂಬಿಕೊಂಡಿದೆ ಎನ್ನುವಂತಿಲ್ಲ. ಮದುವೆಮನೆಯಿಂದ ವಾಪಸ್ಸು ಬರುವಾಗ ಜೀಪಿನಲ್ಲಿ ಕೂತು ಆ ಹೆಣ್ಣಿಗಿಂತ ಗಂಡೇ ಬೆಳ್ಳಗಿದ್ದಾನೆ ಎಂದು ಒಂದು ಮಾತು ಆಡಿದರೂ ಸಾಕು, ಅತ್ತೆ ಮನೆ ಮುಟ್ಟಿದ ತಕ್ಷಣ ಉಪ್ಪು, ಒಣಮೆಣಸಿನಕಾಯಿ ತಂದು ನಮಗೆಲ್ಲ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. "ಕಾಯಿ ತೂಗ್ಬೋದು, ಜನಾನ ತೂಗ್ಬಾರ್ದು ಕಣವ್ವ. ಕಣ್ಣಾಗ್ಬುಡ್ತದೆ" ಎನ್ನುತ್ತಿದ್ದರು. ಆ ಘಾಟಿಗೆ ಇಡೀ ಮನೆ ಕೆಮ್ಮುತ್ತಿತ್ತು.

ನಾನು ಆಲೂರು ಕಡೆಯವಳು. ನನ್ನ ತವರಿನಲ್ಲಿ ಹೋಲಿಸದಿದ್ದರೆ ಯಾರಿಗೂ ಅನ್ನ ಇಳಿಯುತ್ತಿರಲಿಲ್ಲ. ನಮ್ಮ ಹೊಲದ ಆಲೂಗಡ್ಡೆಯನ್ನು ಪಕ್ಕದ ಹೊಲದ ಆಲೂಗಡ್ಡೆಗೆ, ನನ್ನ ಜಡೆಯನ್ನು ಚಿಕ್ಕಮ್ಮನ ಮಗಳ ಜಡೆಗೆ, ನನ್ನಪ್ಪನನ್ನು ಊರಿನ ಉಳಿದೆಲ್ಲ ಗಂಡಸರಿಗೆ ಹೋಲಿಸಿ ಹೋಲಿಸಿಯೇ ನನ್ನಮ್ಮ ಸಂಸಾರ ನಡೆಸಿದಳು. ಅಂಥವಳ ಮಗಳನ್ನು ತಂದು ಹೆಗ್ಗದ್ದೆ ಕಡೆಯ ಈ ಕಾಫಿ ಮನೆಗೆ ತುಂಬಿಸಿಕೊಂಡರೆ ಏನಾಗಬೇಕು? ನನ್ನ ಬಾಯಿ ಮುಚ್ಚಿತು, ಕಣ್ಣು ಮುಚ್ಚಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಬಂದ ನನಗೆ ಆ ಮನೆಯಲ್ಲಿ ಬೇಕೆನಿಸಿದ್ದು ಒಡವೆಯಲ್ಲ, ಬೀರುವಿನ ಬೀಗದ ಕೈಯೂ ಅಲ್ಲ. ಕಾಫಿ ಹುರಿಯುವ ಡ್ರಮ್ಮು. ಉದ್ದನೆಯ ಕಬ್ಬಿಣದ ಡಬ್ಬ, ಒಂದು ತುದಿಗೆ ಹಿಡಿಕೆ. ಹಿತ್ತಿಲ ಒಲೆಯ ಮೇಲೆ ಇಟ್ಟು ಕೈಯಿಂದ ತಿರುಗಿಸುತ್ತಾ ಇರಬೇಕು. ಒಳಗೆ ಬೀಜ ಚಟಪಟ ಎನ್ನಲು ಶುರುವಾದ ಮೇಲೆ ಯಾವ ಕ್ಷಣದಲ್ಲಿ ಇಳಿಸಿ ಮೊರಕ್ಕೆ ಸುರಿಯಬೇಕು ಎನ್ನುವುದರಲ್ಲೇ ಎಲ್ಲ ಇರುವುದು. ಸ್ವಲ್ಪ ಮುಂಚೆ ಇಳಿಸಿದರೆ ಹಸಿ ಹುಳಿ, ಸ್ವಲ್ಪ ತಡವಾದರೆ ಮಸಿ. ನಮ್ಮ ಮನೆಯ ಕಾಫಿಪುಡಿಗೆ ಸುತ್ತಮುತ್ತ ಹೆಸರಿತ್ತು. ಬಂದ ನೆಂಟರು ಹೋಗುವಾಗ ಬಾಳೆಗೊನೆಯಾದರೂ ಮರೆತಾರು, ಪುಡಿಯ ಪೊಟ್ಟಣ ಮರೆಯುತ್ತಿರಲಿಲ್ಲ. ಅದನ್ನು ಹುರಿಯುವುದು ಮನೆಯ ಒಬ್ಬರೇ ಹೆಂಗಸು. "ಎರ್ಡು ಕೈ ಸೇರಿದ್ರೆ ಕಾಫಿ ಕೆಡ್ತದೆ" ಎನ್ನುವುದು ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟ ಮಾತು.

ಅತ್ತೆ ಹುರಿಯುವಾಗ ನಾನು ಪಕ್ಕದಲ್ಲಿ ಕೂತು ಸೌದೆ ಒಟ್ಟುತ್ತಿದ್ದೆ, ಮೊರ ಹಿಡಿಯುತ್ತಿದ್ದೆ, ಬಿಸಿ ಬೀಜಕ್ಕೆ ಬೀಸಣಿಗೆ ಬೀಸುತ್ತಿದ್ದೆ. ಹೀಗೆ ಎಂಟು ವರ್ಷ. ಅವರ ಕೈ ಬಿಡುವಿಲ್ಲದಾಗ ನಾನೇ ತಿರುಗಿಸುತ್ತಿದ್ದೆ. ಇವತ್ತಲ್ಲ ನಾಳೆ ಆ ಹಿಡಿಕೆ ನನ್ನ ಕೈಗೆ ಬರುತ್ತದೆ ಎಂದು ನನಗೆ ಖಾತ್ರಿಯಿತ್ತು, ಬೇರೆ ಕೈಯಾದರೂ ಎಲ್ಲಿತ್ತು?

ಆಮೇಲೆ ಬಂದಳು ನನ್ನ ಓರಗಿತ್ತಿ, ಮೈದುನನ ಹೆಂಡತಿ.

ಅವಳು ಆನೇಮಹಲ್‌ನವಳು. ಅವಳಪ್ಪನದು ಹೆದ್ದಾರಿ ಪಕ್ಕದಲ್ಲಿ ಟಯರ್ ಅಂಗಡಿ. ಲಾರಿಯವರ ನಡುವೆ ಬೆಳೆದವಳು. ಹಿಂದಿ, ತುಳು, ಮಲಯಾಳ, ತಮಿಳು ಎಲ್ಲವನ್ನೂ ಯಾವ ಶಾಲೆಗೂ ಹೋಗದೆ ಬಾಯಿಗೆ ಹಾಕಿಕೊಂಡಿದ್ದಳು. ನನಗಿಂತ ಎತ್ತರ. ಮಳೆಗಾಲದಲ್ಲೂ ಅವಳ ಕೂದಲು ಹೇಳಿದ ಮಾತು ಕೇಳಿಕೊಂಡು ಜಡೆಯಲ್ಲೇ ಇರುತ್ತಿತ್ತು. ಅವಳು ತಟ್ಟಿದ ಅಕ್ಕಿರೊಟ್ಟಿಯ ಅಂಚು ಬಿರಿಯುತ್ತಿರಲಿಲ್ಲ. ನನ್ನ ಮಕ್ಕಳು ಶಾಲೆಯಿಂದ ಬಂದವರು ಬ್ಯಾಗು ನನ್ನ ಮೇಲೆ ಎಸೆದು ಕಥೆ ಹೇಳಲು ಅವಳ ಹತ್ತಿರ ಓಡುತ್ತಿದ್ದರು. ಇದೆಲ್ಲ ಸಾಲದು ಎಂಬಂತೆ ಅವಳು ಒಳ್ಳೆಯವಳು. ಕೆಟ್ಟವಳಾಗಿದ್ದರೆ ಜಗಳ ಆಡಿ ಹಗುರಾಗಬಹುದಿತ್ತು. ಅವಳು ಅದಕ್ಕೂ ದಾರಿ ಬಿಡಲಿಲ್ಲ.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಬೇರೆ ಹೆಸರಿನಿಂದ ಕರೆಯುವ ಅಭ್ಯಾಸ ನನಗಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವಾಗಲೇ ಅವಳು ನನಗಿಂತ ಮುಂಚೆ ಎದ್ದಿದ್ದಾಳೋ ಎಂದು ನೋಡುತ್ತಿದ್ದೆ, ಎದ್ದಿದ್ದರೆ ಆ ದಿನ ಪೂರ್ತಿ ನನಗೆ ಸರಿಯಿರುತ್ತಿರಲಿಲ್ಲ.

ಅವಳು ಬಂದ ಎರಡನೆಯ ಮಳೆಗಾಲದಲ್ಲಿ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಡ್ರಮ್ಮು ತಿರುಗಿಸುವ ಶಕ್ತಿ ಬರಲಿಲ್ಲ. ಡ್ರಮ್ಮು ನನ್ನ ಕೈಗೆ ಬರಬೇಕಾದ ಹೊತ್ತು ಅದು. ಅತ್ತೆ ಹೇಳಿದ್ದು ಬೇರೆ. "ಸದ್ಯಕ್ಕೆ ಒಂದ್ಸಲ ನೀನು, ಒಂದ್ಸಲ ಅವ್ಳು ಹುರೀರಿ. ಈ ಸಲದ ಹೊಸ ಕಾಫಿ ಒಣಗಿ ಮನೆಗೆ ಬಂದಾಗ ಡ್ರಮ್ಮು ಯಾರ ಕೈಲಿ ಅಂತ ನೋಡಾನ."

ನೋಡೋಣ ಎಂದರೆ ಹೇಗೆ ನೋಡುತ್ತಾರೆ? ಹೋಲಿಸದೆ ಆರಿಸುವುದು ಹೇಗೆ? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಗಂಡನ ಹತ್ತಿರ ಹೇಳಿಕೊಂಡೆ. ಅವರು ಪೇಪರ್ ಮಡಚದೆಯೇ, "ಯಾರು ಹುರಿದ್ರೇನೆ ಮಾರಾಯ್ತಿ, ಕುಡಿಯೋದು ನಾವೇ ಅಲ್ವಾ" ಎಂದರು. ಗಂಡಸರಿಗೆ ಇಂಥದ್ದು ತಿಳಿಯುವುದಿಲ್ಲ, ಬಿಡಿ.

ಸಕಲೇಶಪುರದ ಸುತ್ತ ಹೋಂಸ್ಟೇ ಎಂಬ ಮಾತು ಆಗಷ್ಟೇ ಕೇಳಿಬರುತ್ತಿದ್ದ ಕಾಲ ಅದು. ಕಾಫಿ ಇಡುವ ಸ್ಟೋರಿನ ಮೇಲಿದ್ದ ಎರಡು ರೂಮುಗಳಿಗೆ ಸುಣ್ಣ ಹೊಡೆಸಿ, ಮಂಚ ಹಾಕಿಸಿ ನಮ್ಮ ಮನೆಯವರೂ ಜನರನ್ನು ಇಟ್ಟುಕೊಳ್ಳಲು ಶುರು ಮಾಡಿದ್ದರು. ಆ ವರ್ಷ ಕೊಯ್ಲಿನ ಹೊತ್ತಿಗೆ ಬಂದವರು ಸ್ಪೇನ್ ದೇಶದ ಒಬ್ಬ ಹೆಂಗಸು. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಬ್ಬರೇ ಊರೂರು ತಿರುಗುವವರು. ನಾಲ್ಕು ದಿನ ಇದ್ದು ಹೋಗಲು ಬಂದವರು ಎರಡನೆಯ ದಿನವೇ ದೋಣಿಗಲ್ ಹತ್ತಿರ ರೈಲುಹಳಿ ನೋಡುತ್ತಾ ನಡೆದು ಕಾಲು ಉಳುಕಿಸಿಕೊಂಡರು. ಡಾಕ್ಟರು ಕಟ್ಟು ಹಾಕಿ, ಅಲುಗಾಡಬೇಡಿ ಎಂದರು. ಹಾಗಾಗಿ ಅವರ ಮುಂದಿನ ಊರುಗಳೆಲ್ಲ ರದ್ದಾಗಿ, ನಮ್ಮ ಜಗಲಿಯ ಬೆತ್ತದ ಕುರ್ಚಿ ಅವರಿಗೆ ಗಟ್ಟಿಯಾಯಿತು. ಕಾಲು ಒಂದು ಮಣೆಯ ಮೇಲೆ, ಬೆನ್ನು ದಿಂಬಿಗೆ. ನಾವೆಲ್ಲ ಅವರನ್ನು ಟೀಚರಮ್ಮ ಎಂದು ಕರೆದೆವು.

ಅವರ ಇಂಗ್ಲಿಷೂ ನಮ್ಮ ಇಂಗ್ಲಿಷೂ ಒಂದೇ ಅಂಗಡಿಯ ಮಾಲು, ಎರಡಕ್ಕೂ ತೂತು. ಆದರೆ ಟೀಚರಮ್ಮನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಮಧ್ಯಾಹ್ನ ಊಟವಾಗಿ, ಗಂಡಸರು ತೋಟಕ್ಕೆ ಹೋದ ಮೇಲೆ ಜಗಲಿಯಲ್ಲಿ ಉಳಿಯುತ್ತಿದ್ದವರು ಅವರೂ ಮನೆಯ ನಾವು ಮೂವರು ಹೆಂಗಸರೂ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ಟೀಚರಮ್ಮ ಸ್ಪ್ಯಾನಿಶ್ ಕಲಿಸಲು ತೊಡಗಿದರು. ನೀರು, ಅನ್ನ, ನಾಯಿ, ಬೆಕ್ಕು, ಕೆಂಪು, ಕಪ್ಪು. ನಾನು ಕೂತದ್ದು ಭಾಷೆಯ ಮೋಹದಿಂದಲ್ಲ. ಅವಳು ಕೂತಿದ್ದಳು, ಅದಕ್ಕೆ ಕೂತೆ.

ಮೊದಲ ದಿನದಿಂದಲೇ ನನಗೆ ಉರಿ ಶುರುವಾಯಿತು. ನಾನು ಸರಿಯಾಗಿ ಹೇಳಿದರೆ ಟೀಚರಮ್ಮ "ಬ್ಯೆನ್" ಎನ್ನುತ್ತಿದ್ದರು, ಎಂದರೆ ಚೆನ್ನಾಗಿದೆ. ಅವಳು ಹೇಳಿದರೆ "ಮುಯ್ ಬ್ಯೆನ್", ಬಹಳ ಚೆನ್ನಾಗಿದೆ. ಅವಳಿಗೆ ಮುಯ್, ನನಗೆ ಮುಯ್ ಇಲ್ಲ. ಇದು ಒಂದು ದಿನದ ಕಥೆಯಲ್ಲ. ನಾನು ರೊಟ್ಟಿ ಬೇಯಿಸುತ್ತಾ, ಸೌಟು ಹಿಡಿದು, ಹಿಂದಿನ ದಿನದ ಪದಗಳನ್ನೆಲ್ಲ ಒಪ್ಪಿಸಿಕೊಂಡು ಹೋಗಿ ಕೂತರೂ ನನಗೆ ಬರೀ ಬ್ಯೆನ್. ಅವಳು ಸೀರೆ ಸೆರಗಿಗೆ ಕೈ ಒರೆಸುತ್ತಾ ಬಂದು ಕೂತು, ಲಾರಿಯವರ ಹಿಂದಿ ಕಲಿತ ಹಾಗೇ ಅದನ್ನೂ ಉರುಳಿಸಿಬಿಡುತ್ತಿದ್ದಳು. ಒಂದು ಮುಯ್‌ಗಾಗಿ ನಾನು ಎಷ್ಟು ಆಸೆಪಟ್ಟೆ ಎಂದು ಈಗ ಹೇಳಿದರೆ ನಗುತ್ತೀರಿ. ನಗಿ. ನನಗಂತೂ ಆಗ ನಗು ಬರಲಿಲ್ಲ.

ಹೋಲಿಕೆಯ ಪಾಠ ಬಂದ ದಿನ ಟೀಚರಮ್ಮ ನಮ್ಮಿಬ್ಬರನ್ನೂ ಎದ್ದು ನಿಲ್ಲಲು ಹೇಳಿದರು. ಶಾಲೆಯಲ್ಲಿ ಮಕ್ಕಳಿಗೆ ಹೀಗೆಯೇ ಕಲಿಸುತ್ತಿದ್ದರಂತೆ. ಬೆನ್ನಿಗೆ ಬೆನ್ನು ಕೊಡಿಸಿ, ಕೂತಲ್ಲಿಂದಲೇ ಕೈಯೆತ್ತಿ ಅದನ್ನು ಅವಳ ತಲೆಯಿಂದ ನನ್ನ ತಲೆಯ ಕಡೆಗೆ ಎಳೆದು ತೋರಿಸಿ, "ಎಯ್ಯಾ ಎಸ್ ಮಾಸ್ ಆಲ್ತಾ ಕೆ ತು" ಎಂದು ನನ್ನ ಕಡೆ ನೋಡಿ ಹೇಳಿದರು. ಅವಳು ನಿನಗಿಂತ ಎತ್ತರ. ಕೆಲವು ಮಾತು ಯಾವ ಭಾಷೆಯಲ್ಲಿ ಹೇಳಿದರೂ ತಕ್ಷಣ ಅರ್ಥವಾಗುತ್ತದೆ.

ಅತ್ತೆಗೆ ಮಾತು ಅರ್ಥವಾಗಲಿಲ್ಲ. ಅವರು ಕಂಡದ್ದು ತನ್ನ ಇಬ್ಬರು ಸೊಸೆಯರು ಬೆನ್ನಿಗೆ ಬೆನ್ನು ಹಚ್ಚಿ ನಿಂತದ್ದು, ಪರದೇಶದ ಹೆಂಗಸೊಬ್ಬಳು ಕೈ ಎತ್ತಿ ಅಳೆದದ್ದು. ಅವರೆಕಾಯಿಯ ಮೊರ ಅಲ್ಲೇ ಬಿಟ್ಟು ಎದ್ದರು. ಒಳಗಿನಿಂದ ಉಪ್ಪು ಮೆಣಸಿನಕಾಯಿ ತಂದು ನಮ್ಮಿಬ್ಬರಿಗೂ ನಿವಾಳಿಸಿ, ಪಾಪ ಎಂದು ಟೀಚರಮ್ಮನಿಗೂ ಒಂದು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಟೀಚರಮ್ಮ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಕೆಮ್ಮಿದರು. ಓಡಿಹೋಗೋಣವೆಂದರೆ ಕಾಲು ಬೇರೆ ಕಟ್ಟಿತ್ತು.

ಇದೇಕೆ ಎಂದು ನಮ್ಮ ತೂತು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಸಂಜೆಯಾಯಿತು. ಟೀಚರಮ್ಮ ಗಂಭೀರವಾಗಿ ಕೇಳಿಸಿಕೊಂಡು, ಹಾಗಾದರೆ ಈ ಪಾಠ ಬಿಟ್ಟುಬಿಡೋಣ ಎಂದರು. ಅತ್ತೆ ರಾತ್ರಿ ಊಟದ ಹೊತ್ತಿನವರೆಗೂ ಯೋಚನೆ ಮಾಡಿ ತೀರ್ಪು ಕೊಟ್ಟರು.

"ಅವ್ರ ಭಾಷೇಲಿ ಹೇಳ್ಕಳ್ಳಿ ಬುಡು. ನಮ್ ದೇವ್ರಿಗೆ ಆ ಭಾಷೆ ಬರಾಕಿಲ್ಲ, ದೃಷ್ಟಿ ಎಲ್ಲಿ ಆಗ್ತದೆ? ಕನ್ನಡದಲ್ಲಿ ಮಾತ್ರ ಬ್ಯಾಡ."

ನನ್ನ ಹೊಟ್ಟೆಕಿಚ್ಚಿಗೆ ಕಡೆಗೂ ಒಂದು ಭಾಷೆ ಸಿಕ್ಕಿತು.

ಆಮೇಲಿನ ವಾರಗಳಲ್ಲಿ ನಮ್ಮ ಮನೆಯವರು ಎಷ್ಟೋ ತಲೆಮಾರುಗಳಿಂದ ಹೋಲಿಸದೆ ಬಾಕಿ ಇಟ್ಟಿದ್ದನ್ನೆಲ್ಲ ಹೋಲಿಸಿ ತೀರಿಸಿದರು. ಕಲಿಯಲು ಕಷ್ಟವೇನಿಲ್ಲ. ಮಾಸ್ ಎಂದರೆ ಹೆಚ್ಚು, ಮೆನೋಸ್ ಎಂದರೆ ಕಡಿಮೆ, ಮುಂದೆ ಒಂದು ಕೆ ಹಾಕಿದರೆ ಮುಗಿಯಿತು. ಸರಿಸಮ ಎನ್ನಬೇಕಾದರೆ ತಾನ್, ಕೋಮೋ. ಒಳ್ಳೆಯದು ಕೆಟ್ಟದ್ದಕ್ಕೆ ಮಾತ್ರ ಬೇರೆಯೇ ಪದ: ಇನ್ನೂ ಚೆನ್ನಾಗಿದ್ದರೆ ಮೆಹೋರ್, ಇನ್ನೂ ಕೆಟ್ಟದಾಗಿದ್ದರೆ ಪೆಯೋರ್. ಮಕ್ಕಳು ಶಾಲೆಯಿಂದ ಬಂದವರೇ ಪೆಯೋರ್ ಪೆಯೋರ್ ಎಂದು ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮೈದುನ ನನ್ನ ಗಂಡನನ್ನು ಊಟಕ್ಕೆ ಕರೆಯುವಾಗ ಮಾಸ್ ಗೋರ್ದೊ, ಇನ್ನೂ ದಪ್ಪ, ಎಂದೇ ಕರೆಯುತ್ತಿದ್ದ. ಆಳುಗಳ ಲೆಕ್ಕ ಒಪ್ಪಿಸಲು ಬಂದ ತೋಟದ ರೈಟರ್ ಇವರೆಲ್ಲ ಏನು ಮಾತಾಡುತ್ತಿದ್ದಾರೆ ಎಂದು ತಿಳಿಯದೆ ನಿಂತಿರುತ್ತಿದ್ದ. ಮೆಹೋರ್, ಪೆಯೋರ್ ಎನ್ನುವುದು ಅತ್ತೆಗೂ ಕಿವಿಯ ಮೇಲೆ ಬಿದ್ದು ಬಿದ್ದು ಗೊತ್ತಾಗಿಹೋಯಿತು.

ಒಂದು ವಿಷಯ ನಾನು ಗಮನಿಸಿದೆ. ನಾವು ಅವಳಿಗಿಂತ ಇವಳು ಎನ್ನುತ್ತೇವೆ. ಸೋತವರ ಹೆಸರು ಮೊದಲು ಹೇಳಿ ಆಮೇಲೆ ಗೆದ್ದವರದು. ಸ್ಪ್ಯಾನಿಶ್‌ನಲ್ಲಿ ಗೆದ್ದವರು ಮೊದಲೇ ಬಂದು ನಿಂತುಬಿಡುತ್ತಾರೆ, ಸೋತವರು ಕೆ ಹಿಡಿದುಕೊಂಡು ಹಿಂದೆ ಬರಬೇಕು. ನನ್ನ ಸರದಿ ಬಂದಾಗಲೆಲ್ಲ ನಾನು ನನ್ನನ್ನೇ ಮೊದಲು ಇಟ್ಟು ವಾಕ್ಯ ಮಾಡುತ್ತಿದ್ದೆ. ನಾನು ಅವಳಿಗಿಂತ ಬೇಗ ಏಳುವವಳು. ನಾನು ಅವಳಿಗಿಂತ ಹಳಬಳು. ಅವಳ ಸರದಿ ಬಂದರೆ ಅವಳು ಬೆಟ್ಟ ಗುಡ್ಡ, ನಾಯಿ ಬೆಕ್ಕು ಎಂದು ಏನೋ ಹೇಳುತ್ತಿದ್ದಳು. ನನ್ನನ್ನು ಎಳೆದು ತರುತ್ತಲೇ ಇರಲಿಲ್ಲ. ಅದೂ ನನಗೆ ಸಿಟ್ಟೇ. ಹೋಲಿಸುವುದಕ್ಕೂ ನಾನು ಬೇಡವಾದೆನೇ?

ಒಂದು ದಿನ ಟೀಚರಮ್ಮ ನಿಮ್ಮಲ್ಲಿ ಯಾರು ಮಯೋರ್, ಯಾರು ದೊಡ್ಡವರು ಎಂದು ಕೇಳಿದರು. ನಾನೇ ಎಂದೆ. ಸಂಬಂಧದಲ್ಲಿ ನಾನು ಅಕ್ಕ. ಅವರು ಹುಟ್ಟಿದ ಇಸವಿ ಕೇಳಿದರು. ಅಲ್ಲಿ ಗುಟ್ಟು ಹೊರಬಿತ್ತು. ವಯಸ್ಸಿನಲ್ಲಿ ಅವಳೇ ನನಗಿಂತ ಒಂದು ವರ್ಷ ದೊಡ್ಡವಳು. ಟೀಚರಮ್ಮ ಅವಳನ್ನು ತೋರಿಸಿ ಮಯೋರ್ ಎಂದು ತಿದ್ದಿದರು. ನಾನು ಒಪ್ಪಲಿಲ್ಲ. ಇವಳು ನನ್ನನ್ನು ಅಕ್ಕ ಎನ್ನುತ್ತಾಳೆ, ಕೇಳಿ ನೋಡಿ ಎಂದೆ. ಅವಳು, "ಹೌದು, ಅಕ್ಕನೇ ಮಯೋರ್" ಎಂದುಬಿಟ್ಟಳು. ದೊಡ್ಡತನವನ್ನೂ ಅವಳೇ ಕೊಟ್ಟು ನಾನು ಇಸಿದುಕೊಂಡ ಹಾಗಾಯಿತು.

ಇಷ್ಟರ ನಡುವೆ ಡ್ರಮ್ಮು ಒಮ್ಮೆ ಅವಳ ಕೈಗೆ, ಒಮ್ಮೆ ನನ್ನ ಕೈಗೆ ಬಂದು ಹೋಗುತ್ತಿತ್ತು. ಅವಳು ಹುರಿಯುವ ದಿನ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ನಾನು ಹುರಿಯುವ ದಿನ ಅವಳು ಬಂದು ಮೊರ ಹಿಡಿದು ಕೂರುತ್ತಿದ್ದಳು. ಬೇಡ ಎಂದರೂ ಹೋಗುತ್ತಿರಲಿಲ್ಲ. "ಕಲ್ತ್ಕಳ್ತೀನಿ ಅಕ್ಕ, ನನ್ದು ಒಂದೊಂದ್ಸಲ ಹಸಿಹಸಿ ಉಳ್ಕತದೆ" ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು. ಅವಳ ಕಾಫಿಗೆ ಮೊದಮೊದಲು ಹುಲ್ಲಿನ ವಾಸನೆಯಿತ್ತು. ಆ ಒಂದು ವಿಷಯದಲ್ಲಿ ನನಗೆ ನೆಮ್ಮದಿಯಿತ್ತು.

ಆ ನೆಮ್ಮದಿಗೂ ಕಲ್ಲು ಬಿತ್ತು. ಒಂದು ಮಧ್ಯಾಹ್ನ ಟೀಚರಮ್ಮ ಲೋಟ ಕೆಳಗಿಟ್ಟು, ಪಾಠದ ಉದಾಹರಣೆಗೆಂದು, ಇವತ್ತಿನ ಕಾಫಿ ನಿನ್ನೆಯ ಕಾಫಿಗಿಂತ ಮಾಸ್ ಫ್ವೆರ್ತೆ ಎಂದರು. ಹೆಚ್ಚು ಗಟ್ಟಿ, ಹೆಚ್ಚು ಜೋರು. ನಿನ್ನೆಯದು ನನ್ನ ಪುಡಿ, ಇವತ್ತಿನದು ಅವಳದು. ಅವಳು ಆ ದಿನ ಎರಡು ಚಮಚ ಪುಡಿ ಜಾಸ್ತಿ ಹಾಕಿದ್ದಳೋ ಏನೋ, ಟೀಚರಮ್ಮ ಹೊಗಳಿದರೋ ಸುಮ್ಮನೆ ವಾಕ್ಯ ಮಾಡಿದರೋ, ಅದನ್ನು ವಿಚಾರಿಸುವ ತಾಳ್ಮೆ ಯಾರಿಗಿತ್ತು? ನನ್ನ ಕಿವಿಗೆ ಬಿದ್ದದ್ದು ಅವಳದು ನನ್ನದಕ್ಕಿಂತ ಹೆಚ್ಚು ಎನ್ನುವುದಷ್ಟೇ. ಅವತ್ತಿನಿಂದ ಅವಳ ಪುಡಿಯ ಕಾಫಿ ಕುಡಿಯುವುದನ್ನೇ ಬಿಟ್ಟೆ.

ಮುಂದಿನ ಸಲ ನಾನು ಹುರಿದಾಗ ಇಳಿಸಬೇಕಾದ ಹೊತ್ತು ಗೊತ್ತಿದ್ದೂ ಇನ್ನೊಂದಷ್ಟು ತಿರುಗಿಸಿದೆ. ಬೀಜ ಕಪ್ಪಾಯಿತು. ಅದರ ಮುಂದಿನ ಸಲ ಇನ್ನೂ ಸ್ವಲ್ಪ. ಎಣ್ಣೆ ಬಿಟ್ಟುಕೊಂಡು ಬೀಜ ಮಿರಮಿರ ಮಿಂಚಿತು. ಇದು ಫ್ವೆರ್ತೆ ಎಂದುಕೊಂಡೆ. ಮೊರ ಹಿಡಿದಿದ್ದ ಅವಳು ಒಮ್ಮೆ, "ಅಕ್ಕ, ಮೊದ್ಲು ಇಷ್ಟೊತ್ತಿಗೆ ಇಳಿಸ್ತಿದ್ರಲ್ಲ?" ಎಂದಳು. "ನಂಗೆ ಗೊತ್ತೈತೆ, ನೀನು ಮೊರ ನೋಡ್ಕ" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಕುಡಿಯುವಾಗ ನನ್ನ ನಾಲಿಗೆಗೆ ಸ್ವಲ್ಪ ಕಹಿಯೆನಿಸಿದರೆ ಸೌದೆಯನ್ನು ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜನವರಿ ಮುಗಿಯುವ ಹೊತ್ತಿಗೆ ಕಣದಲ್ಲಿ ಹೊಸ ಕಾಫಿ ಒಣಗಿ ಗಲಗಲ ಎನ್ನತೊಡಗಿತು. ಟೀಚರಮ್ಮನ ಕಾಲೂ ವಾಸಿಯಾಗಿ, ಹೊರಡುವ ದಿನ ಗೊತ್ತಾಗಿತ್ತು. ಅತ್ತೆ ಅವತ್ತು ಬೆಳಗ್ಗೆಯೇ ಹೇಳಿದರು. "ನಾಳೆ ಹೊಸ ಕಾಫಿ ಹುರೀಬೇಕು. ನಾನಂತೂ ಯಾರ್ನೂ ತೂಗಾಕಿಲ್ಲ. ನಿಮ್ ಟೀಚರಮ್ಮನ ಪಾಠ ಐತಲ್ಲ, ಅದ್ರಲ್ಲೇ ಹೇಳ್ಬುಡಿ, ಯಾರ್ ಪುಡಿ ಮೆಹೋರು ಅಂತ." ಹೋಲಿಸಬಾರದು ಎನ್ನುವ ಮಾತೂ ಉಳಿಯಬೇಕು, ಡ್ರಮ್ಮಿಗೆ ಕೈಯೂ ಸಿಗಬೇಕು, ಅದಕ್ಕೆ ಅವರು ಇಷ್ಟು ದಿನ ಸುಮ್ಮನಿದ್ದು ಹುಡುಕಿಕೊಂಡ ದಾರಿ ಇದು. ನನಗೆ ಹೆದರಿಕೆಯಿರಲಿಲ್ಲ. ಎಂಟು ವರ್ಷದ ಕೈ ನನ್ನದು. ಅದರ ಜೊತೆಗೆ ಈಗ ಫ್ವೆರ್ತೆ ಬೇರೆ.

ಮಧ್ಯಾಹ್ನದ ಊಟಕ್ಕೆ ಗಂಡಸರೂ ಮನೆಯಲ್ಲಿದ್ದರು. ಅತ್ತೆ ನಮ್ಮಿಬ್ಬರನ್ನೂ ಜಗಲಿಯಲ್ಲಿ ಕೂರಿಸಿ, ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಇಬ್ಬರ ಡಬ್ಬಿಯಿಂದಲೂ ಅಳತೆಯಾಗಿ ಪುಡಿ ತೆಗೆದು ತಾವೇ ಎರಡು ಕಾಫಿ ಮಾಡಿದರು. ಬೆಲ್ಲ ಎರಡಕ್ಕೂ ಒಂದೇ ಸಮ, ಹಾಲಿಲ್ಲ. ಎರಡು ಸ್ಟೀಲ್ ಲೋಟಗಳಲ್ಲಿ ತಂದಿಟ್ಟರು. ನಮಗೆ ಮದುವೆಯಲ್ಲಿ ತವರಿನವರು ಕೊಟ್ಟ ಲೋಟಗಳು ಅವು. ಎರಡೂ ನೋಡಲು ಒಂದೇ ಥರ, ಅಂಗಡಿಯವನು ಹೆಸರು ಕೊರೆದಿದ್ದು ತಳದಲ್ಲಿ. ನನ್ನ ಕಾಫಿ ನನ್ನ ಹೆಸರಿನ ಲೋಟದಲ್ಲಿ, ಅವಳದು ಅವಳದರಲ್ಲಿ. ತುಂಬಿದ ಲೋಟದ ತಳವನ್ನು ಯಾರಿಗೆ ನೋಡಲು ಬರುತ್ತದೆ?

ಟೀಚರಮ್ಮ ಅದನ್ನೂ ಪಾಠವೆಂದೇ ತಿಳಿದರು. ಕಲಿತವರೇ ಮೊದಲು ಹೇಳಬೇಕು, ನಾನು ಆಮೇಲೆ ಎಂದರು. ಅವಳು ನನ್ನ ಕಡೆ ನೋಡಿ, "ಅಕ್ಕ ಮೊದ್ಲು" ಎಂದಳು.

ಎಡಗಡೆಯ ಲೋಟ ಎತ್ತಿ ಒಂದು ಗುಟುಕು ಕುಡಿದೆ. ಗಂಟಲಲ್ಲಿ ಇಳಿಯುವ ಮುಂಚೆಯೇ ಗುರುತು ಹತ್ತಿತು. ನಾನು ಆ ಮನೆಗೆ ಬಂದ ವರ್ಷದಿಂದ ಒಲೆಯ ಮುಂದೆ ಮೂಗಿಗೆ ತುಂಬಿಕೊಂಡ ಪರಿಮಳ ಅದು. ಸುಟ್ಟ ಬೆಲ್ಲದ ಹಾಗೆ, ಕೊನೆಗೆ ಸಣ್ಣಗೆ ಒಂದು ಕಹಿ, ಅದರ ಹಿಂದೆ ಮತ್ತೆ ಸಿಹಿ. ಇದು ನನ್ನದು. ಬಲಗಡೆಯದು ಕುಡಿದೆ. ಬಾಯೆಲ್ಲ ಮಸಿ. ಇಷ್ಟು ದಿನ ನನ್ನ ಹಿಂದೆ ಮುಂದೆ ಸುತ್ತಿದರೂ ಇವಳಿಗೆ ಹತ್ತಿದ್ದು ಇಷ್ಟೇ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಕೂತಲ್ಲಿಂದ ಎದ್ದು ನಿಂತೆ. ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಎಡಗಡೆಯದನ್ನು ತೋರಿಸಿ, "ಎಸ್ತೆ ಕಫೆ ಎಸ್ ಮೆಹೋರ್ ಕೆ ಎಸೆ." ಈ ಕಾಫಿ ಆ ಕಾಫಿಗಿಂತ ಚೆನ್ನಾಗಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಲಗಡೆಯದನ್ನು ತೋರಿಸಿ, "ಎಸೆ ಎಸ್ ಮಾಸ್ ಅಮಾರ್ಗೊ" ಎಂದೂ ಸೇರಿಸಿದೆ. ಅದು ಹೆಚ್ಚು ಕಹಿ.

ಟೀಚರಮ್ಮ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. "ಮುಯ್ ಬ್ಯೆನ್" ಎಂದರು. "ಮುಯ್, ಮುಯ್ ಬ್ಯೆನ್."

ಅಷ್ಟು ದಿನ ಕಾದದ್ದು ಒಂದಲ್ಲ ಎರಡಾಗಿ ಸಿಕ್ಕಿತ್ತು. ನಾನು ಅವಳ ಮುಖ ನೋಡಿದೆ. ಅವಳು ಎರಡೂ ಲೋಟದಿಂದ ಒಂದೊಂದು ಗುಟುಕು ಕುಡಿದಳು. ಬಲಗಡೆಯದನ್ನು ಮುಟ್ಟಿ, "ಎಸ್ತೆ ಎಸ್ ತಾನ್ ಬ್ವೇನೊ ಕೋಮೋ ಎಸೆ" ಎಂದಳು. ಇದೂ ಅದರಷ್ಟೇ ಚೆನ್ನಾಗಿದೆ. ಸೋಲುವುದು ಕಂಡ ಮೇಲೆ ಸಮ ಎನ್ನುತ್ತಾಳೆ ಎಂದುಕೊಂಡೆ. ಸುಳ್ಳಿ ಎಂದೂ ಅಂದುಕೊಂಡೆ.

ಟೀಚರಮ್ಮನೂ ಗಂಡಸರೂ ಎರಡೂ ಲೋಟ ಖಾಲಿ ಮಾಡಿ ಎಡಗಡೆಯದೇ ಮೆಹೋರ್ ಎಂದರು. ಅತ್ತೆ ಎಡಗಡೆಯ ಲೋಟವನ್ನು ಮಗುಚಿ ತಳ ನೋಡಿದರು. ಓದಲು ಬಾರದವರಲ್ಲ, ಆದರೂ ಓದಲಿಲ್ಲ. ಹಾಗೇ ಮಗುಚಿಕೊಂಡು ನನ್ನ ಮುಂದೆ ಇಟ್ಟರು.

ಅವಳ ಹೆಸರು.

ಕಣದಲ್ಲಿ ಆಳುಗಳು ಕಾಫಿ ಎಳೆದು ಹರವುವ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಅತ್ತೆ ಮೆಲ್ಲಗೆ ಹೇಳಿದರು. "ನಾನೇನೂ ಹೋಲಿಸ್ಲಿಲ್ಲ ಕಣವ್ವ. ಹೇಳಿದ್ದು ನೀನು." ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಬದುಕುತ್ತಿದ್ದೆ.

ಅವಳು ನನ್ನ ಪಕ್ಕಕ್ಕೆ ಬಂದು ಕೂತಳು. "ಅಕ್ಕ, ಅದು ನಿಮ್ದೇ. ನೀವು ಮೊದ್ಲು ಹುರೀತಿದ್ರಲ್ಲ, ಹಂಗೇ ಹುರ್ದೆ ಅಷ್ಟೇ. ನೀವ್ಯಾಕೆ ಬದಲಾಯಿಸಿದ್ರೋ ನಂಗೆ ಗೊತ್ತಾಗ್ಲಿಲ್ಲ."

ನನಗೆ ಗೊತ್ತಿತ್ತು. ಅವಳಿಗಿಂತ ಹೆಚ್ಚಾಗಬೇಕೆಂದು ನಾನು ನನ್ನ ಕೈಯನ್ನು ಬಿಟ್ಟು ಹೋದೆ. ಬಿಟ್ಟದ್ದನ್ನು ಅವಳು ಎತ್ತಿಕೊಂಡಳು. ಕದ್ದಿದ್ದರೆ ಕಳ್ಳಿ ಎನ್ನಬಹುದಿತ್ತು. ನನ್ನ ಕಣ್ಣೆದುರಿಗೇ ಮೊರ ಹಿಡಿದು, ಕೇಳಿ, ಹೇಳಿ ಕಲಿತವಳನ್ನು ಏನೆನ್ನುವುದು? ಟೀಚರಮ್ಮ ಏನಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲವಲ್ಲ ಎನ್ನುವ ಹಾಗೆ. ಇರಲಿಲ್ಲ.

ಮಾರನೆಯ ದಿನ ಹೊಸ ಕಾಫಿ ಹುರಿಯಲು ಅವಳು ಹಿತ್ತಿಲ ಒಲೆಯ ಮುಂದೆ ಕೂತಳು. ಅತ್ತೆ ಒಲೆಗೆ ಅರಿಶಿನ ಕುಂಕುಮ ಇಟ್ಟು, ಡ್ರಮ್ಮಿನ ಹಿಡಿಕೆಯನ್ನು ಅವಳ ಕೈಗೆ ಕೊಟ್ಟರು. ಮೊರ ಹಿಡಿಯಲು ನಾನು ಕೂತೆ. ಕೂರದಿದ್ದರೆ ಹೊಟ್ಟೆಕಿಚ್ಚು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅವಳ ಬಳೆ ಹಿಡಿಕೆಗೆ ತಾಗಿ ಸದ್ದು ಮಾಡುತ್ತಿತ್ತು. ನನ್ನ ಬಳೆಯೂ ಹಾಗೇ ಸದ್ದು ಮಾಡುತ್ತಿತ್ತು, ಆದರೆ ಇಷ್ಟು ದಿನ ನನಗೆ ಅದು ಕೇಳಿಸಿರಲಿಲ್ಲ.

ಬೀಜ ಚಟಪಟ ಎನ್ನಲು ಶುರುವಾಯಿತು. ಸದ್ದು ಏರಿತು, ಏರಿ ಇಳಿಯಿತು. ಹೊಗೆಯ ಬಣ್ಣ ತಿರುಗಿತು. ಇನ್ನೇನು ಇಳಿಸಬೇಕು ಎನ್ನುವ ಹೊತ್ತಿಗೆ ಅವಳು ತಿರುಗಿಸುತ್ತಲೇ ಕಣ್ಣೆತ್ತಿ ನನ್ನನ್ನು ನೋಡಿದಳು. ಈಗಲಾ ಎಂದು ಕೇಳುವ ನೋಟ ಅದು. ನಾನು ಹೂಂ ಎಂದರೆ ಸಾಕಿತ್ತು. ಅಷ್ಟಾದರೂ ನನ್ನದಾಗಿ ಉಳಿಯುತ್ತಿತ್ತು.

ನಾನು ತಲೆಯಾಡಿಸಲಿಲ್ಲ. ಮೊರವನ್ನೇ ನೋಡುತ್ತಾ ಕೂತೆ.

ಅವಳು ಸರಿಯಾದ ಹೊತ್ತಿಗೇ ಇಳಿಸಿದಳು.